ಅರ್ಧಕ್ಕೆ ನಿಂತ ಎಳೆ

ಕಸೂತಿಯವರು ಬಲು ಸಾಧು ಜನ ಎಂದು ಯಾರಾದರೂ ನಂಬಿದ್ದರೆ ಅವರು ಒಂದು ಸಂಜೆ ನಮ್ಮ ‘ಗವಂತಿ ಕಟ್ಟೆ’ಗೆ ಬಂದು ನೋಡಬೇಕು. ಕಟ್ಟೆ ಎಂದರೆ ಕಲ್ಲಿನ ಕಟ್ಟೆಯಲ್ಲ, ಅಂತರ್ಜಾಲದ ಒಂದು ಬಳಗ. ಧಾರವಾಡ, ಗದಗ, ಬಾಗಲಕೋಟೆಗಳಿಂದ ಹಿಡಿದು ದುಬೈ ತನಕ ಹರಡಿಕೊಂಡ ಮೂರು ಸಾವಿರ ಚಿಲ್ಲರೆ ಹೆಂಗಸರು, ಹತ್ತಿಪ್ಪತ್ತು ಗಂಡಸರು. ಯಾರೇ ತಮ್ಮ ಕೆಲಸದ ಚಿತ್ರ ಹಾಕಲಿ, ಹೊಗಳಿಕೆಗಿಂತ ಮೊದಲು ಬರುವ ಮಾತು ಒಂದೇ: ‘ಹಿಂಬದಿ ತೋರ್ಸ್ರಿ.’ ಕಸೂತಿಗೆ ಮುಂಬದಿ, ಹಿಂಬದಿ ಒಂದೇ ಥರ ಇರಬೇಕು. ಗಂಟು ಹಾಕುವಂತಿಲ್ಲ. ಹಿಂದೆ ಒಂದು ಗಂಟು ಕಂಡಿತೋ, ಆ ದಿನ ಆಕೆಯ ಗತಿ ಮುಗಿಯಿತು.

ಗವಂತಿ ಹೊಲಿಗೆ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಸೂಜಿ ಹೋಗುವಾಗ ಒಂದು ಹೊಲಿಗೆ ಹಾಕಿ, ಒಂದರ ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತದೆ. ಕೊನೆ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ತಿರುಗಿ ಬರುತ್ತ, ಬಿಟ್ಟ ಜಾಗಗಳನ್ನು ತುಂಬುತ್ತದೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವಂತಿಲ್ಲ, ನೇಯ್ಗೆಯ ಎಳೆ ಎಣಿಸಿಕೊಂಡೇ ಸಾಗಬೇಕು. ಹೋಗುವಾಗಲೇ ಬರುವ ದಾರಿ ತಲೆಯಲ್ಲಿರಬೇಕು, ಇಲ್ಲದಿದ್ದರೆ ಹೊಲಿಯುತ್ತಿರುವ ಗೋಪುರದ ಚಿತ್ತಾರದ ತುದಿಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತೀರಿ. ನಮ್ಮ ಮನೆಯಲ್ಲಿ ಶುರು ಮಾಡುವವಳು ಅಕ್ಕ, ಮುಗಿಸುವವಳು ನಾನು. ಅವ್ವ ಇಲ್ಲದ ಮನೆಯಲ್ಲಿ ಒಂದೇ ಬಟ್ಟೆಯ ಮೇಲೆ ಬಾಗಿದ ಎರಡು ತಲೆಗಳು. ಮುಗಿದ ಬಟ್ಟೆ ನೋಡಿದ ಯಾರಿಗೂ ಅದು ಎರಡು ಕೈಗಳ ಕೆಲಸ ಎಂದು ಗೊತ್ತಾಗುತ್ತಿರಲಿಲ್ಲ. ಬರಬರುತ್ತ ನನಗೂ ಗೊತ್ತಾಗುತ್ತಿರಲಿಲ್ಲ.

ಅಕ್ಕನ ಹೆಸರು ಇಂದುಮತಿ, ನಾನು ಮಂದಾಕಿನಿ. ಮದುವೆ ಎನ್ನುವುದು ನಮ್ಮಿಬ್ಬರ ಹತ್ತಿರ ಸುಳಿಯಲಿಲ್ಲ, ನಾವೂ ಅದನ್ನು ಕೂಗಿ ಕರೆಯಲಿಲ್ಲ. ಅಪ್ಪ, ಅಕ್ಕ, ನಾನು, ಧಾರವಾಡದ ಹೊಸಯಲ್ಲಾಪುರದ ಮನೆ. ಕಟ್ಟೆಯನ್ನು ಹುಟ್ಟುಹಾಕಿದ್ದೂ ನಾವಿಬ್ಬರೇ. ಈಗ ಅಕ್ಕ ನನ್ನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗುತ್ತ ಬಂದಿತ್ತು. ಅದಕ್ಕೆ ಕಾರಣವಾದದ್ದು ಒಂದು ಯಂತ್ರ, ಆ ಯಂತ್ರದ ಮುಂದೆ ಕೂತು ಸಂಬಳ ಎಣಿಸುವವಳು ನಾನು.

ಯಂತ್ರದ ಸರ್ಕಾರಿ ಹೆಸರು ‘ಸಮುದಾಯ ಒಲವು ಮಾಪಕ’. ಜನ ಅದನ್ನು ತಕ್ಕಡಿ ಎಂದು ಕರೆದರು. ಸಮೀಕ್ಷೆ ಮಾಡುವವರಿಗೆ ಮತದಾರರು ನಗುನಗುತ್ತ ಸುಳ್ಳು ಹೇಳಿ ಕಳಿಸುತ್ತಿದ್ದ ಕಾಲ ಮುಗಿದು ಬಂದದ್ದು ಇದು. ತಕ್ಕಡಿ ಯಾರನ್ನೂ ಏನೂ ಕೇಳುವುದಿಲ್ಲ. ಬಳಗದಲ್ಲಿ ಓದುವಾಗ ನಿಮ್ಮ ಬೆರಳು ಯಾವ ಮಾತಿನ ಮೇಲೆ ಎಷ್ಟು ಹೊತ್ತು ನಿಂತಿತು, ಯಾವುದನ್ನು ಸರಸರ ದಾಟಿತು, ಯಾವುದಕ್ಕೆ ಮರಳಿ ಬಂತು, ಇಷ್ಟನ್ನೇ ನೋಡುತ್ತದೆ. ಬರೆಯುವವರನ್ನಷ್ಟೇ ಅಲ್ಲ, ಬಾಯಿ ಬಿಡದೆ ಓದಿಕೊಂಡು ಹೋಗುವವರನ್ನೂ ತೂಗುತ್ತದೆ. ದಿನದಿನದ ಈ ಬೆರಳಾಟದಿಂದ ಮನುಷ್ಯ ಯಾವ ಕಡೆ ವಾಲಿದ್ದಾನೆ ಎಂದು ಹೇಳಿಬಿಡುತ್ತದೆ. ಬೇಸರದ ಸಂಗತಿ ಎಂದರೆ, ಹೆಚ್ಚೂಕಡಿಮೆ ಸರಿಯಾಗಿಯೇ ಹೇಳುತ್ತದೆ.

ಆಗ ನಮ್ಮಲ್ಲಿ ಎರಡು ದೊಡ್ಡ ಪಕ್ಷಗಳಿದ್ದವು. ನೀರು ಊರೂರಿನ ಕೆರೆಯಲ್ಲಿ ನಿಲ್ಲಬೇಕು, ಊರಿನವರೇ ಅದರ ಯಜಮಾನರು ಎನ್ನುವುದು ಕೆರೆ ಪಕ್ಷ. ನೀರು ಎಲ್ಲರದು, ದೊಡ್ಡ ಕಾಲುವೆಯಲ್ಲಿ ಇಲ್ಲದವರ ಮನೆತನಕ ಹರಿಯಬೇಕು ಎನ್ನುವುದು ಕಾಲುವೆ ಪಕ್ಷ. ನಮ್ಮಪ್ಪ ನೀಲಕಂಠಪ್ಪ ಹೊಂಬಳ ಕೆರೆ ಪಕ್ಷದ ಹಳೇ ಹುಲಿ. ಪಕ್ಷದ ಪ್ರತಿ ಅಧಿವೇಶನಕ್ಕೂ ಪ್ರತಿನಿಧಿಯಾಗಿ ಸ್ವಂತ ಖರ್ಚಿನಲ್ಲಿ ಹೋಗಿ, ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದ. ಹೆಣ್ಣುಮಕ್ಕಳು ಹುಟ್ಟಿನಿಂದಲೇ ಕೆರೆಯವರು ಎಂದು ಅವನು ನಂಬಿದ್ದ. ನಾವೂ ಹಾಗೇ ನಂಬಿದ್ದೆವು.

ತಕ್ಕಡಿ ಬಂದ ಹೊಸದರಲ್ಲಿ ಎಲ್ಲ ಬಯಲಲ್ಲಿರಲಿ ಎನ್ನುವ ಹುರುಪು. ಬಳಗದ ಪ್ರತಿ ಹೆಸರಿನ ಪಕ್ಕ ಒಂದು ಚುಕ್ಕಿ: ಕೆರೆಗೆ ಹಸಿರು, ಕಾಲುವೆಗೆ ನೀಲಿ. ಒಂದು ಮುಂಜಾನೆ ಕಟ್ಟೆ ತೆರೆದರೆ ನನ್ನ ಹೆಸರಿನ ಪಕ್ಕ ಹಸಿರು ಚುಕ್ಕಿ ಇತ್ತು. ಅಕ್ಕನ ಹೆಸರಿನ ಪಕ್ಕ ಇದ್ದದ್ದು ನೀಲಿ, ಅದೂ ಕಡುನೀಲಿ.

ಅಪ್ಪ ಆಗಲೇ ಹಾಸಿಗೆ ಹಿಡಿದಿದ್ದ. ಯಾರೋ ಪಕ್ಷದ ಗೆಳೆಯರು ಅವನಿಗೆ ಅದನ್ನು ತೋರಿಸಿದ್ದರು. ಅಕ್ಕ ಗಂಜಿ ತಂದು ಪಕ್ಕದಲ್ಲಿ ಕೂತಾಗ ಕೇಳಿದ.

‘ಇಂದೂ, ಇದೇನಿದು?’

‘ನನಗ ಗೊತ್ತಿಲ್ಲಪ್ಪ. ಯಂತ್ರ ತಪ್ಪಿರಬೇಕು.’

‘ಮಂದಾ, ನಿಮ್ಮ ಯಂತ್ರ ತಪ್ಪತೈತೇನು?’

‘ತಪ್ಪತೈತಪ್ಪ, ಭಾಳ ಸಲ ತಪ್ಪತೈತಿ,’ ಎಂದೆ. ಅಪ್ಪ ಜೀವಮಾನವಿಡೀ ರಾಜಕೀಯದ ಸುಳ್ಳು ಕೇಳಿದವನು. ನನ್ನ ಮುಖ ನೋಡಿ ಗೋಡೆಯ ಕಡೆ ಹೊರಳಿದ. ಆಮೇಲೆ ಅಕ್ಕನ ಕೈಯಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಅವಳು ಬಟ್ಟಲು ಹಿಡಿದು ಎಷ್ಟು ಹೊತ್ತು ಕೂತರೂ ಬಾಯಿ ತೆರೆಯಲಿಲ್ಲ, ಮಾತೂ ಆಡಲಿಲ್ಲ. ಹಾಗೇ ಹೋದ.

ಮಣ್ಣು ಮಾಡಿ ಬಂದ ಮೇಲೆ ಅಕ್ಕ ಅಂದದ್ದು ಇಷ್ಟು: ‘ನನ್ನ ಮನಸ್ಸಿನ್ಯಾಗ ಏನೈತಿ ಅಂತ ನನಗ ತಿಳಿಯೂಕಿಂತ ಮೊದಲ ನಿಮ್ಮ ತಕ್ಕಡಿಗೆ ತಿಳೀತು. ಅಪ್ಪ ನನ್ನ ಕೈಯಾಗಿನ ನೀರು ಕುಡೀಲಾರದ ಹೋದ. ನೀ ಅಲ್ಲೇ ಕುಂತು ಅದರ ಸೇವಾ ಮಾಡು.’ ಅವಳು ಶಾಲೆಯ ಮಾಸ್ತರಿಕೆಯವಳು. ಕಾರವಾರಕ್ಕೆ ವರ್ಗ ಮಾಡಿಸಿಕೊಂಡು ಹೊರಟುಹೋದಳು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಒಮ್ಮೆ ನಾನೇ ಹೋದೆ. ಬಾಗಿಲ ಮುಂದೆ ಅವಳ ಚಪ್ಪಲಿ ಇದ್ದವು. ಎಷ್ಟು ಬಡಿದರೂ ಬಾಗಿಲು ತೆರೆಯಲಿಲ್ಲ. ಸಮುದ್ರವನ್ನೂ ನೋಡದೆ ತಿರುಗಿ ಬಂದೆ.

ಒಡೆದದ್ದು ನಮ್ಮ ಮನೆಯೊಂದೇ ಅಲ್ಲ. ಚುಕ್ಕಿಗಳಿಂದಾಗಿ ನಿಶ್ಚಯವಾದ ಮದುವೆಗಳು ಮುರಿದವು, ಪಾಲುದಾರಿಕೆ ಅಂಗಡಿಗಳು ಮುಚ್ಚಿದವು. ಕೊನೆಗೆ ಕಾನೂನು ಬದಲಾಯಿತು. ಹೆಸರಿನ ಪಕ್ಕದ ಚುಕ್ಕಿಗಳು ಅಳಿಸಿಹೋದವು. ತಕ್ಕಡಿ ಇನ್ನು ಮೇಲೆ ಬಳಗದ ಒಟ್ಟು ತೂಕವನ್ನಷ್ಟೇ ಹೊರಗೆ ಹೇಳಬೇಕು. ಒಳಗೆ ನಮ್ಮ ಪರದೆಯ ಮೇಲೂ ಒಬ್ಬೊಬ್ಬರು ಒಂದೊಂದು ಹೆಸರಿಲ್ಲದ ಎಳೆ ಮಾತ್ರ. ಬರೆಯುವವರ ಎಳೆಗಳು ದೊಡ್ಡ ಪರದೆಯಲ್ಲಿ ಒಟ್ಟಾಗಿ ಹೆಣೆದುಕೊಂಡು ಓಡುತ್ತವೆ. ಬರೀ ಓದುವ ಮೌನಿಗಳ ಎಳೆಗಳು ಪಕ್ಕದ ಚಿಕ್ಕ ಪರದೆಯಲ್ಲಿ ಬಿಡಿಬಿಡಿಯಾಗಿ ಸಾಗುತ್ತವೆ. ಯಾವ ಎಳೆ ಯಾರದು ಎಂದು ಯಾರಿಗೂ ತಿಳಿಯುವುದಿಲ್ಲ.

ಆದರೆ ನಾನು ಗುರುತು ಹಿಡಿದೆ. ಅಕ್ಕ ಕಾರವಾರಕ್ಕೆ ಹೋದ ಅದೇ ವರ್ಷ ಒಂದು ಸಂಜೆ ನಮ್ಮ ಕಟ್ಟೆಯ ಮೌನಿಗಳ ಪರದೆಯಲ್ಲಿ ಒಂದು ಎಳೆ ಕಂಡಿತು. ಅದು ಒಂದು ಮಾತು ಓದಿ, ಒಂದು ಬಿಟ್ಟು, ಮತ್ತೊಂದು ಓದಿ, ಹೀಗೇ ಕೊನೆಯ ತನಕ ಹೋಯಿತು. ಅಲ್ಲಿಂದ ಹಿಂದಿರುಗಿ, ಬಿಟ್ಟವುಗಳನ್ನೆಲ್ಲ ಓದುತ್ತ ಬಂತು. ಗವಂತಿ! ಓದುವುದರಲ್ಲೂ ಗವಂತಿ! ಹಾಗೆ ಹೋಗಿ ಬರುವ ಸೂಜಿಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಅದು ಅಕ್ಕ ಅಲ್ಲದೆ ಇನ್ಯಾರು?

ಅವತ್ತಿನಿಂದ ನಾನು ಸಂಜೆಯ ಪಾಳಿಯನ್ನೇ ಕೇಳಿ ಹಾಕಿಸಿಕೊಂಡೆ. ದೀಪ ಹಚ್ಚುವ ಹೊತ್ತಿಗೆ ಫೋನಿನಿಂದ ಕಟ್ಟೆಗೆ ನನ್ನ ಆ ದಿನದ ಕಸೂತಿಯ ಚಿತ್ರ ಹಾಕುತ್ತಿದ್ದೆ, ಹಿಂಬದಿಯ ಸಮೇತ. ಆಮೇಲೆ ಪರದೆಯ ಮುಂದೆ ಕಾಯುತ್ತಿದ್ದೆ. ಎಳೆ ಬರುತ್ತಿತ್ತು, ಹೋಗುತ್ತಿತ್ತು, ಹಿಂದಿರುಗುತ್ತಿತ್ತು. ಅಕ್ಕ ಊಟ ಮಾಡಿದಳೋ ಇಲ್ಲವೋ, ಮೊಣಕಾಲು ನೋವು ಹೇಗಿದೆಯೋ, ಒಂದೂ ಗೊತ್ತಿಲ್ಲ. ಅವಳು ಇದ್ದಾಳೆ ಎನ್ನುವುದಷ್ಟೇ ಗೊತ್ತು. ಮನುಷ್ಯರು ಅಷ್ಟರಲ್ಲೇ ಬದುಕಿಬಿಡಬಹುದು ಎಂದು ನಾನು ಆ ವರ್ಷಗಳಲ್ಲಿ ಕಲಿತೆ. ಬೇಕಾದದ್ದು ಸಿಕ್ಕಿದ ಮೇಲೆ ಬೇರೆ ಎಳೆಗಳ ಕಡೆ ನಾನು ಕಣ್ಣೆತ್ತಿ ನೋಡಲಿಲ್ಲ.

ಕೆಲಸದಲ್ಲಿ ಕಿರಿಕಿರಿ ಮಾಡುತ್ತಿದ್ದದ್ದು ಅರ್ಧಕ್ಕೆ ನಿಲ್ಲುವ ಎಳೆಗಳು. ಓದುತ್ತ ಓದುತ್ತ ನಡುವೆ ಸತ್ತುಹೋಗುತ್ತವೆ. ಸಿಗ್ನಲ್ ಹೋಗಿದೆ ಎಂದು ಅವನ್ನು ಬದಿಗೆ ಸರಿಸುವುದು ನಮ್ಮ ಪದ್ಧತಿ. ನಮ್ಮ ಕಟ್ಟೆಯಲ್ಲೂ ಅಂಥದ್ದೊಂದಿತ್ತು. ಸಂಜೆಯಾದರೆ ಬರುತ್ತಿತ್ತು, ಒಂದು ಬಿಟ್ಟು ಒಂದು ಓದುತ್ತ ನನ್ನ ಚಿತ್ರದ ತನಕ ಬಂದು ಅಲ್ಲೇ ನಿಂತುಬಿಡುತ್ತಿತ್ತು. ನನ್ನ ಚಿತ್ರ ಭಾರವಾಗಿ ಪಾಪ ಯಾರದೋ ಫೋನು ಕುಸಿಯುತ್ತಿದೆ ಎಂದುಕೊಂಡು, ಚಿಕ್ಕ ಚಿತ್ರ ಹಾಕಲು ಶುರು ಮಾಡಿದೆ. ಆದರೂ ಅದು ಅಲ್ಲೇ ನಿಲ್ಲುತ್ತಿತ್ತು. ಸರಿಸಿ ಸರಿಸಿ ಸಾಕಾಗಿತ್ತು.

ಹೀಗಿರುವಾಗ ಒಂದು ದಿನ ನಮ್ಮ ಮೇಲಧಿಕಾರಿ ಹೆಬಸೂರ ಸಾಹೇಬರು ಚಹಾ ಹಿಡಿದುಕೊಂಡು ನನ್ನ ಮೇಜಿಗೆ ಬಂದರು.

‘ಮಂದಾಬಾಯಿ, ಇನ್ನ ನಿಮ್ಮ ಕೆಲಸ ಅರ್ಧಾ ಹಗರಾತು ನೋಡ್ರಿ. ಈ ಸಣ್ಣ ಪರದೆ ತಗದಬಿಡತಾರಂತ.’

‘ಯಾಕ್ರೀ ಸರ್?’

‘ಮೌನಿಗಳ್ನ ಕತ್ತರಿಸೂದಂತ. ಬಳಗದ ತೂಕ ಹೆಚ್ಚಿಗಿ ಕಾಣ್ಲಿ ಅಂತ ಎಲ್ಲಾರೂ ಸುಳ್ಳು ಮಂದಿನ್ನ ತುಂಬ್ಯಾರಲ್ರಿ. ಸತ್ತವರ ಖಾತೆನೂ ಓದಾಕತ್ತಾವ! ವರ್ಷಕ್ಕ ಒಂದ ಮಾತರೆ ಬರೀಲಿಲ್ಲಂದ್ರ ಹೊರಗ. ಕಾಲುವೆಯವರು ಒಪ್ಪ್ಯಾರ. ಗದಗಿನ ಅಧಿವೇಶನದಾಗ ಕೆರೆಯವರೂ ಒಪ್ಪಿದ್ರ ಮುಗೀತು.’

ಪಕ್ಕದ ಚಿಕ್ಕ ಪರದೆಯಲ್ಲಿ ನನ್ನ ಎಳೆ ಆಗಷ್ಟೇ ತಿರುಗಿ ಬರುತ್ತಿತ್ತು. ಅಕ್ಕ ಒಂದು ಮಾತು ಬರೆಯುವವಳಲ್ಲ. ಸತ್ತರೂ ಬರೆಯುವವಳಲ್ಲ. ಅಂದರೆ ಇದು ಕತ್ತರಿಸಿಹೋಗುತ್ತದೆ. ಹೆಬಸೂರರು ಇನ್ನೂ ಏನೋ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ.

ಪಕ್ಷಗಳ ಅಧಿವೇಶನದಲ್ಲಿ ಕೈ ಎತ್ತುವವರು ಬಳಗಗಳ ಪ್ರತಿನಿಧಿಗಳು. ಸಾವಿರಕ್ಕಿಂತ ದೊಡ್ಡದಾದ ಪ್ರತಿ ಬಳಗವೂ, ಅದರಲ್ಲಿ ಯಾವ ಪಕ್ಷದವರೇ ಇರಲಿ, ಎರಡೂ ಅಧಿವೇಶನಗಳಿಗೆ ಒಬ್ಬೊಬ್ಬರನ್ನು ಕಳಿಸಬಹುದು. ಸಂಬಳವಿಲ್ಲ, ಭತ್ಯೆಯಿಲ್ಲ, ಮನಸ್ಸಿದ್ದವರು ತಾವಾಗಿ ಮುಂದೆ ಬರಬೇಕು. ಕಟ್ಟೆಯಲ್ಲಿ ‘ಈ ಸಲ ಗದಗಕ್ಕ ಯಾರು ಹೋಗ್ತೀರಿ?’ ಎಂದು ಕೇಳಿದರೆ ಒಬ್ಬಳಿಗೆ ಮದುವೆ ಸೀರೆಯ ಸೆರಗು ಮುಗಿಸುವುದಿತ್ತು, ಇನ್ನೊಬ್ಬಳಿಗೆ ಸೊಂಟ ಹಿಡಿದಿತ್ತು. ‘ನಾ ಹೋಗ್ತೀನಿ,’ ಎಂದು ನಾನು ಬರೆದೆ. ಅಪ್ಪ ಹೋದ ಮೇಲೆ ನಾನು ರಾಜಕೀಯದ ಒಂದು ಶಬ್ದ ಬರೆದವಳಲ್ಲ. ಗದಗದ ಲೀಲಾಬಾಯಿ ಕೊಣ್ಣೂರ ಕೂಡಲೇ ಬರೆದರು: ‘ಮಂದಾಬಾಯಿ, ಹಿಂಬದಿ ತೋರ್ಸ್ರಿ!’ ಕಟ್ಟೆಯೆಲ್ಲ ನಗೆ. ನಾನೂ ನಕ್ಕಂತೆ ಮಾಡಿದೆ. ಹಿಂಬದಿಯನ್ನು ತೋರಿಸಲಿಲ್ಲ.

ಒಂದು ತೊಡಕಿತ್ತು. ತಕ್ಕಡಿಯ ಮುಂದೆ ಕೂರುವವರು ಪ್ರತಿನಿಧಿಯಾದರೆ ಪರದೆಯ ಕೆಲಸ ಬಿಟ್ಟು ಒಂದು ವರ್ಷ ಕಡತಗಳ ವಿಭಾಗಕ್ಕೆ ಹೋಗಬೇಕು. ಎಳೆಯನ್ನು ಉಳಿಸಲು ಎಳೆಯನ್ನು ನೋಡುವುದನ್ನೇ ಬಿಡಬೇಕು. ಕೊನೆಯ ದಿನ ಅದು ಹೋಗಿ ಬರುವ ತನಕ ಕೂತಿದ್ದು, ಗುರುತಿನ ಚೀಟಿಯನ್ನು ಹೆಬಸೂರರ ಮೇಜಿನ ಮೇಲಿಟ್ಟೆ. ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಹೊರಗೆ ನೋಡುತ್ತ ಅತ್ತೆ.

ಗದಗದಲ್ಲಿ ನಾನು ಉಳಿದದ್ದು ಲೀಲಾಬಾಯಿಯವರ ಮನೆಯಲ್ಲಿ. ಕಟ್ಟೆಯವರು ಒಬ್ಬರ ಊರಿಗೆ ಇನ್ನೊಬ್ಬರು ಹೋದರೆ ಹೊಟೇಲಿನಲ್ಲಿ ಉಣ್ಣುವುದು ದೊಡ್ಡ ಅವಮಾನ. ಅವರು ಎಪ್ಪತ್ತು ದಾಟಿದ ದಪ್ಪ ಕನ್ನಡಕದ ಹೆಂಗಸು. ನನ್ನನ್ನು ಕೂರಿಸಿ ಬದನೆಕಾಯಿ ಭಜಿಯ ತಟ್ಟೆ ಮುಂದೆ ಇಟ್ಟು ಮೊದಲು ಹೇಳಿದ ಮಾತು: ‘ನಾ ಕಾಲುವೆಯಾಕಿ ನೋಡ್ರಿ ಮತ್ತ. ಕೆರೆ ಪ್ರತಿನಿಧಿಗೆ ಭಜಿ ಹಾಕೀನಿ ಅಂತ ನಮ್ಮ ಮಂದಿಗೆ ಹೇಳಬ್ಯಾಡ್ರಿ.’

‘ಹೇಳಂಗಿಲ್ಲ. ಇನ್ನೆರಡು ಹಾಕ್ರಿ.’

ಭಜಿ ತಿನ್ನುತ್ತ ಅವರು ಕಟ್ಟೆ ತೆರೆದರು. ಕನ್ನಡಕ ಏರಿಸಿಕೊಂಡು, ಬೆರಳಿನಲ್ಲಿ ಒಂದು ಮಾತು ಓದಿ, ಒಂದು ದಾಟಿ, ಇನ್ನೊಂದು ಓದಿ ಕೆಳಗೆ ಹೋದರು. ಕೊನೆ ಮುಟ್ಟಿ, ಬಿಟ್ಟವುಗಳನ್ನು ಓದುತ್ತ ಮೇಲೆ ಬಂದರು. ನನ್ನ ಕೈಯಲ್ಲಿದ್ದ ಭಜಿ ಹಾಗೇ ಉಳಿಯಿತು.

‘ಲೀಲಾಬಾಯಿ, ಹಿಂಗ ಯಾಕ ಓದ್ತೀರಿ ನೀವು?’

‘ಹೆಂಗ?’

‘ಒಂದು ಬಿಟ್ಟು ಒಂದು. ಆಮ್ಯಾಲೆ ತಿರುಗಿ ಬಂದು ಬಿಟ್ಟಿದ್ದು.’

ಅವರು ತಮ್ಮ ಬೆರಳನ್ನು ಹೊಸದಾಗಿ ನೋಡಿದರು. ‘ಹೌದಲ್ಲ! ಕೈಗೆ ರೂಢಿ ಆಗೈತಿ ನೋಡ್ರಿ. ಪ್ಯಾಟಿಗೆ ಹೋದ್ರೂ ನಾ ಒಂದು ಅಂಗಡಿ ಬಿಟ್ಟು ಒಂದು ನೋಡ್ಕೋತ ಹೋಗಿ, ಬರೂಮುಂದ ಉಳಿದಿದ್ದು ನೋಡ್ತೀನಿ. ನಮ್ಮ ತಂಗಿನೂ ಹಂಗ. ಕಸೂತಿ ಹಾಕೋರು ಯಾರು ಹಂಗ ಓದಂಗಿಲ್ಲ ಹೇಳ್ರಿ? ನೀವು ಹೆಂಗ ಓದ್ತೀರಿ?’

ನಾನು ನನ್ನ ಫೋನು ತೆಗೆದು ಓದಿ ನೋಡಿದೆ. ನಾನೂ ಹಾಗೇ ಓದುತ್ತಿದ್ದೆ.

ಮೂರು ಸಾವಿರ ಹೆಂಗಸರು ಹೋಗಿ ಬರುತ್ತಿದ್ದರು. ಅವರಲ್ಲಿ ಯಾರೋ ಒಬ್ಬಳನ್ನು ನಾನು ವರ್ಷಗಟ್ಟಲೆ ಅಕ್ಕ ಎಂದುಕೊಂಡು ಕಾದಿದ್ದೆ. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಆಗ ನೆನಪಾಯಿತು ನೋಡಿ, ಅಕ್ಕ ಜನ್ಮದಲ್ಲಿ ಒಮ್ಮೆಯೂ ಮರಳಿ ಬಂದವಳಲ್ಲ! ಗೋಪುರದ ತುದಿಯ ತನಕ ಚಂದವಾಗಿ ಹೋಗುತ್ತಿದ್ದಳು. ಅಲ್ಲಿ ಬರುವ ದಾರಿ ಮರೆತು ಕೂತು, ಸೂಜಿಯನ್ನು ಬಟ್ಟೆಗೆ ಚುಚ್ಚಿ ನನ್ನ ತೊಡೆಯ ಮೇಲೆ ಹಾಕುತ್ತಿದ್ದಳು. ‘ಹೋಗೂದು ನಂದು, ಕರ್ಕೊಂಡು ಬರೂದು ನಿಂದು,’ ಎನ್ನುತ್ತಿದ್ದಳು. ಪ್ರತಿ ಸಲ, ಪ್ರತಿ ಬಟ್ಟೆಯಲ್ಲಿ. ಹೋಗಿ ಬರುವ ಸೂಜಿ ಎಂದು ನನಗೆ ನೆನಪಿದ್ದದ್ದರಲ್ಲಿ ಅರ್ಧ ನನ್ನದೇ ಕೈ.

ಅಕ್ಕನ ಎಳೆ ಹೋಗಿ ಬರುವಂಥದ್ದಾಗಿರಲು ಸಾಧ್ಯವಿಲ್ಲ. ಅದು ಒಂದು ಬಿಟ್ಟು ಒಂದು ಓದುತ್ತ ಹೋಗಿ ನಿಂತುಬಿಡುವ ಎಳೆ. ನನ್ನ ಚಿತ್ರದ ಮೇಲೆ ಬಂದು, ಸೂಜಿ ಚುಚ್ಚಿ, ಕಾಯುವ ಎಳೆ. ಸಂಜೆ ಸಂಜೆಯೂ ಅದನ್ನು ಸಿಗ್ನಲ್ ಹೋಗಿದೆ ಎಂದು ನಾನೇ ಬದಿಗೆ ಸರಿಸಿದ್ದೆ.

ಲೀಲಾಬಾಯಿಗೆ ಎಲ್ಲವನ್ನೂ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಭಜಿ ಆರಿಹೋಯಿತು.

‘ಹಂಗಾದ್ರ ನೀವು ಬಂದದ್ದು ಅಕ್ಕನ ಸಲುವಾಗಿ,’ ಎಂದರು.

‘ಹೌದ್ರಿ.’

‘ನಾಳೆ ನಮ್ಮ ಕಟ್ಟಿ ಮಂದಿ ಮೌನಿಗಳ್ನ ಕತ್ತರಸ್ರಿ ಅಂದ್ರ?’

‘ನಾ ಬ್ಯಾಡ ಅಂತೀನಿ.’

ಅವರು ಸೆರಗಿನಲ್ಲಿ ಕನ್ನಡಕ ಒರೆಸಿದರು. ‘ನಿಮ್ಮ ಕೈ, ನಿಮ್ಮ ಇಷ್ಟ. ಬಾಗಿಲ ಸಂದ್ಯಾಗಿಂದ ನೋಡೂಮಂದಿ ನನಗ ಸೇರಂಗಿಲ್ಲ, ನಾ ಕತ್ತರಸ್ರಿ ಅಂತ ವಾಲೇನಿ. ನಿಮ್ಮ ಅಕ್ಕನೂ ಅದರಾಗ ಅದಾಳಂತ ಕೇಳಿ ಕೆಟ್ಟ ಅನಸತೈತಿ. ಆದ್ರೂ ನಾ ವಾಲಿದ್ದು ವಾಲಿದ್ದ.’

ಕೆರೆ ಪಕ್ಷದ ಅಧಿವೇಶನದ ಚಪ್ಪರದಲ್ಲಿ ಮರುದಿನ ನಮ್ಮ ಎರಡೂ ಕೈಗೆ ಕಡಗ ತೊಡಿಸಿದರು. ಬಲಗೈಯದು ಬಿಸಿಯಾದರೆ ಬಳಗ ಹೌದು ಎನ್ನುತ್ತಿದೆ, ಎಡಗೈಯದು ಬಿಸಿಯಾದರೆ ಬೇಡ ಎನ್ನುತ್ತಿದೆ. ಬಳಗದವರು ಆ ಹೊತ್ತಿಗೆ ಎರಡೂ ಕಡೆಯ ವಾದಗಳನ್ನು ಓದುತ್ತಿರುತ್ತಾರೆ, ಅವರ ಬೆರಳುಗಳ ತೂಕ ಹಾಗೇ ನಮ್ಮ ಚರ್ಮಕ್ಕೆ ಬರುತ್ತದೆ. ಕಡಗ ಒಂದು ಹೇಳಿ ಕೈ ಇನ್ನೊಂದು ಹೇಳಿದರೆ ಶಿಕ್ಷೆಯೇನಿಲ್ಲ. ಎತ್ತಿದ ಕೈಯ ಚಿತ್ರ ಬಳಗಕ್ಕೆ ಹೋಗುತ್ತದೆ, ಅವರಿಗೆ ಉತ್ತರ ಕೊಟ್ಟುಕೊಳ್ಳಬೇಕು. ಎದುರುಗಡೆ ಅಪ್ಪ ಕೂರುತ್ತಿದ್ದಂಥದೇ ಮಡಚುವ ಕುರ್ಚಿಗಳ ಸಾಲು, ಅವನಂಥವೇ ಬೋಳು ತಲೆಗಳು. ಒಂದು ಗಳಿಗೆ ಅವನನ್ನು ಹುಡುಕಿದೆ ಕೂಡ.

ಗೊತ್ತುವಳಿಯನ್ನು ಓದಿದರು. ಎರಡೂ ಕಡಗ ತಣ್ಣಗಿದ್ದವು. ಎಡಗೈ ಬೆಚ್ಚಗಾಗಲಿ ಎಂದು ನಾನು ದೇವರನ್ನು ಕೇಳಿದೆ. ಬೆಚ್ಚಗಾದದ್ದು ಬಲಗೈ. ಮೊದಲು ಅನುಮಾನದ ಹಾಗೆ, ಆಮೇಲೆ ಚಹಾ ಲೋಟ ಹಿಡಿದಷ್ಟು ಖಚಿತವಾಗಿ. ಇದರಲ್ಲಿ ಲೀಲಾಬಾಯಿ ಇದ್ದರು. ಸೊಂಟ ಹಿಡಿದವಳು, ಸೆರಗು ಮುಗಿಸುತ್ತಿದ್ದವಳು ಇದ್ದರು. ಮೌನಿಗಳ ತೂಕ ಇನ್ನೂ ನಡೆಯುತ್ತಿತ್ತು, ಆದ್ದರಿಂದ ಎಲ್ಲೋ ಅಕ್ಕನೂ ಇದ್ದಳು. ಅವಳು ಯಾವ ಕಡೆ ವಾಲಿದ್ದಳೋ ನನಗೆ ತಿಳಿಯದು. ಆದರೆ ಆ ಬಿಸಿಯಲ್ಲಿ ಒಂದು ಎಳೆಯಷ್ಟು ಅವಳ ಪಾಲೂ ಇತ್ತು, ಮತ್ತು ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

‘ಬ್ಯಾಡ ಅನ್ನೋರು ಕೈ ಎತ್ತ್ರಿ,’ ಎಂದರು ವೇದಿಕೆಯಿಂದ. ನನ್ನ ಎಡಗೈ ತೊಡೆಯ ಮೇಲಿಂದ ಎದ್ದಿತ್ತು. ಆಗ ಕಣ್ಣಿಗೆ ಬಂದದ್ದು ಗೋಡೆಯ ಕಡೆ ಹೊರಳಿದ ಅಪ್ಪ. ಮಗಳ ಮನಸ್ಸು ಎಲ್ಲಿ ವಾಲಿದೆ ಎಂದು ತಿಳಿದ ಮೇಲೆ ಅದನ್ನು ಒಪ್ಪಲಾರದೆ, ಬಾಯಾರಿ ಸತ್ತ ಮುದುಕ. ಅವನ ಮಗಳಾದ ನಾನು ಈಗ ಕೈಗೆ ಬಂದ ಬಿಸಿಯನ್ನು ಬೇಡವೆಂದು, ನನಗೆ ಬೇಕಾದ ಕಡೆಗೇ ಹೊರಳಲು ಹೊರಟಿದ್ದೆ. ಎಡಗೈಯನ್ನು ಇಳಿಸಿದೆ.

‘ಹೌದು ಅನ್ನೋರು?’

ನಾನು ಬಲಗೈ ಎತ್ತಿದೆ. ಎತ್ತಿದಷ್ಟು ಹೊತ್ತೂ ಅಳು ಬರುತ್ತಿತ್ತು, ಹಾಗೇ ಚಿತ್ರ ತೆಗೆದರು.

ಗೊತ್ತುವಳಿ ಪಾಸಾಯಿತು. ಯುಗಾದಿಯ ಒಳಗೆ ಒಂದು ಮಾತಾದರೂ ಬರೆಯದ ಮೌನಿಗಳು ಎಲ್ಲ ಬಳಗಗಳಿಂದ ಹೊರಗೆ. ಕಟ್ಟೆಯಲ್ಲಿ ನನ್ನ ಚಿತ್ರದ ಕೆಳಗೆ ‘ಶಾಬಾಸ್ ಮಂದಾಬಾಯಿ’ಗಳು ಬಂದವು. ಲೀಲಾಬಾಯಿ ಏನೂ ಬರೆಯಲಿಲ್ಲ. ನಾನು ಬಸ್ಸು ಹತ್ತುವಾಗ ಒಂದು ಡಬ್ಬಿ ಚಟ್ನಿಪುಡಿ ಕೈಗಿಟ್ಟು, ಗಲ್ಲ ಸವರಿದರು.

ಮನೆಗೆ ಬಂದು ಟ್ರಂಕು ತೆಗೆದೆ. ಅಕ್ಕನ ಹಳೆಯ ಚಂದ್ರಕಾಳಿ ಸೀರೆಯ ಒಂದು ಕಪ್ಪು ತುಂಡಿತ್ತು. ಕೆಂಪು ದಾರ ಪೋಣಿಸಿ ಗೋಪುರ ಶುರು ಮಾಡಿದೆ. ಶುರು ಮಾಡುವುದು ನನಗೆ ಬರುವುದಿಲ್ಲ ಎಂದು ಆಗ ತಿಳಿಯಿತು. ಎಲ್ಲಿಂದ ಹೊರಡಬೇಕು, ಯಾವ ಕಡೆ ತಿರುಗಬೇಕು ಎಂದು ಯಾವಾಗಲೂ ಅವಳೇ ತೀರ್ಮಾನಿಸಿರುತ್ತಿದ್ದಳು. ಎರಡು ಸಲ ಬಿಚ್ಚಿದೆ, ಮೂರನೆಯ ಸಲಕ್ಕೆ ತುದಿ ಮುಟ್ಟಿದೆ. ಒಂದು ಬಿಟ್ಟು ಒಂದು, ಖಾಲಿ ಜಾಗಗಳನ್ನು ಹಾಗೇ ಬಿಟ್ಟು, ಸೂಜಿಯನ್ನು ತುದಿಯಲ್ಲಿ ಚುಚ್ಚಿ, ಬಟ್ಟೆಯನ್ನು ಕಾರವಾರಕ್ಕೆ ಪಾರ್ಸೆಲ್ ಮಾಡಿದೆ. ಚೀಟಿ ಇಡಲಿಲ್ಲ. ಈ ಸಲ ಹೋಗುವುದು ನನ್ನದು, ಕರೆದುಕೊಂಡು ಬರುವುದು ಅವಳದು ಎಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಮೇಲೆ ಕಾಯುವುದು. ಈಗ ನನ್ನ ಬಳಿ ಪರದೆ ಇರಲಿಲ್ಲ. ಅಕ್ಕ ಕಟ್ಟೆಗೆ ಬಂದಳೋ, ನನ್ನ ಚಿತ್ರದ ಮೇಲೆ ನಿಂತಳೋ, ಕೈ ಎತ್ತಿದ ನನ್ನನ್ನು ನೋಡಿ ಉಗಿದು ಹೋದಳೋ ಒಂದೂ ತಿಳಿಯುತ್ತಿರಲಿಲ್ಲ. ಹಗಲೆಲ್ಲ ಕಡತ ಜೋಡಿಸಿ ಸಂಜೆ ಮನೆಗೆ ಬಂದು, ಎಲ್ಲ ಸಾಮಾನ್ಯ ಜನ ಕಾಯುವ ಹಾಗೆ ಫೋನು ಹಿಡಿದು ಕೂರುತ್ತಿದ್ದೆ. ಚಿತ್ರವನ್ನು ದಿನವೂ ಹಾಕುತ್ತಿದ್ದೆ, ಮತ್ತೆ ದೊಡ್ಡದಾಗಿ. ಕಟ್ಟೆಯಲ್ಲಿ ಮೌನಿಗಳು ಒಬ್ಬೊಬ್ಬರಾಗಿ ಬಾಯಿ ಬಿಡುತ್ತಿದ್ದರು. ‘ನಮಸ್ಕಾರ್ರಿ, ನಾನೂ ಅದೀನಿ,’ ‘ನಾ ಬರೇ ನೋಡಾಕಿ, ತಗೀಬ್ಯಾಡ್ರಿ.’ ಪ್ರತಿ ಹೊಸ ಹೆಸರನ್ನೂ ಎರಡೆರಡು ಸಲ ಓದುತ್ತಿದ್ದೆ. ಯಾವುದೂ ಅಕ್ಕನಲ್ಲ. ಮಾವಿನ ಎಲೆ, ಬೇವು ಮಾರಾಟಕ್ಕೆ ಬಂದವು. ಯುಗಾದಿ ನಾಳೆ ಎನ್ನುವ ತನಕ ಬಂತು.

ಆ ಸಂಜೆ ಕಟ್ಟೆಯಲ್ಲಿ ಒಂದು ಚಿತ್ರ ಬಿತ್ತು. ಕಪ್ಪು ಬಟ್ಟೆ, ಕೆಂಪು ಗೋಪುರ. ತುದಿಯಿಂದ ಖಾಲಿ ಜಾಗಗಳು ತುಂಬುತ್ತ ತುಂಬುತ್ತ ನಡುವಿನ ತನಕ ಬಂದಿದ್ದವು. ಒಂದು ಕಡೆ ಎಣಿಕೆ ತಪ್ಪಿ ಹೊಲಿಗೆ ವಾರೆಯಾಗಿತ್ತು. ನಡುವೆ, ಅರ್ಧ ದಾರಿಯಲ್ಲಿ, ಸೂಜಿ ಚುಚ್ಚಿತ್ತು. ಹಾಕಿದವರ ಹೆಸರು ಇಂದುಮತಿ ಹೊಂಬಳ. ಜೊತೆಗೆ ಒಂದು ಅಕ್ಷರವೂ ಇರಲಿಲ್ಲ.

ನಮ್ಮ ಹೆಂಗಸರು ಬಿಡುತ್ತಾರೆಯೇ? ‘ಒಂದು ಎಳಿ ತಪ್ಪೇತಿ ನೋಡ್ರಿ.’ ‘ಅರ್ಧಕ್ಕ ಬಿಟ್ಟೀರಲ್ಲ.’ ‘ಯಾರ್ರೀ ಇವರು, ಹೊಸಬ್ರೇನು?’ ಎಂದರು ಅಕ್ಕ ಹೋದ ಮೇಲೆ ಕಟ್ಟೆಗೆ ಸೇರಿದವರು. ಲೀಲಾಬಾಯಿ ಎಲ್ಲರನ್ನೂ ಗದರಿಸಿದರು, ‘ಸುಮ್ನಿರ್ರಿ ಒಂದೀಟು.’ ಆದರೆ ಅಷ್ಟರಲ್ಲಿ ಯಾರೋ ಕೇಳಿಯಾಗಿತ್ತು: ‘ಹಿಂಬದಿ ತೋರ್ಸ್ರಿ.’

ನಾನು ಆ ಚಿತ್ರವನ್ನು ದೊಡ್ಡದು ಮಾಡಿ ವಾರೆಯಾದ ಹೊಲಿಗೆಯ ಎಳೆ ಎಣಿಸುತ್ತ ಕೂತೆ. ಆಮೇಲೆ ಅಕ್ಕನ ಮಾತು ಬಂತು.

‘ಕೈ ಎತ್ತಿದಾಕಿ ಬಂದು ನೋಡ್ಲಿ.’

ನಾನು ಎದ್ದು ಅದೇ ಕೆಂಪು ದಾರದ ಉಂಡೆ ಹುಡುಕಿ ಚೀಲಕ್ಕೆ ಹಾಕಿಕೊಂಡೆ. ಕಾರವಾರಕ್ಕೆ ಬೆಳಗಿನ ಮೊದಲ ಬಸ್ಸು ಯಾವಾಗ ಎಂದು ಕೇಳಲು ಪಕ್ಕದ ಮನೆಗೆ ಹೋದೆ.